ಮೊದಲು ರೇಡಿಯೇಟರ್, ಆಮೇಲೆ ಬೂಸ್ಟ್

ಗುಂಪು: ಮೆಕ್ಯಾನಿಕಲ್ ಹಳೇ ಬ್ಯಾಚ್, ಮೈಸೂರು

ಕಿರಣ್: ಕನಸಿನ ಗಾಡಿ ಕೊನೆಗೂ ಮನೆ ಮುಂದೆ ನಿಂತಿದೆ ಕಣ್ರೋ! 1993ರ ಮಾಜ್ಡಾ ಆರ್‌ಎಕ್ಸ್-7, ಎಫ್‌ಡಿ ಮಾಡೆಲ್. ಪಿಸ್ಟನ್ ಬದಲು ಮುಕ್ಕೋನದ ರೋಟರ್ ತಿರುಗೋ ರೋಟರಿ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬಿಸೋ ಎರಡು ಟರ್ಬೊ, ಎಲ್ಲ ಒರಿಜಿನಲ್. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಗೆಳೆಯನೊಬ್ಬ ಈ ಪಟ್ಟಿ ಕಳಿಸಿದ್ದಾನೆ. ಈ ವಾರವೇ ಆರ್ಡರ್ ಹಾಕೋಣ ಅಂತಿದ್ದೇನೆ. ಏನಂತೀರಾ?

ಫಾರ್ವರ್ಡ್ ಆದ ಸಂದೇಶ: 255ರಿಂದ 350 ಎಚ್‌ಪಿಗೆ ಸುಲಭ ದಾರಿ. ಡೌನ್‌ಪೈಪ್ (ಟರ್ಬೊ ಹಿಂದಿನ ಹೊಗೆ ಪೈಪ್) ಬದಲಿಸಿ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದು ನೇರ ಪೈಪ್ ಹಾಕಿ. ದೊಡ್ಡ ಸೈಲೆನ್ಸರ್. ಓಪನ್ ಏರ್ ಫಿಲ್ಟರ್. ಬೂಸ್ಟ್ ಕಂಟ್ರೋಲರ್ ಹಾಕಿ ಬೂಸ್ಟ್ (ಟರ್ಬೊ ತುಂಬಿಸುವ ಗಾಳಿಯ ಒತ್ತಡ) 14 ಪಿಎಸ್‌ಐಗೆ ಏರಿಸಿ. ಎರಡು ದಿನದ ಕೆಲಸ.

ವಿನಯ್: ಕಣ್ಣು ಮುಚ್ಕೊಂಡು ಮಾಡಿಸು ಮಗಾ. 1308 ಸಿಸಿಗೆ 350 ಎಚ್‌ಪಿ ಅಂದ್ರೆ ತಮಾಷೆನಾ? ಅದನ್ನು ಸುಮ್ನೆ ಶೆಡ್ಡಲ್ಲಿ ನಿಲ್ಲಿಸೋಕೆ ತಗೊಂಡ್ಯಾ?

ಅನಿತಾ: ಕಿರಣ್, ಮೊದಲು ಅಭಿನಂದನೆ. ತುಂಬಾ ಖುಷಿಯಾಯಿತು. ಆದರೆ ದಯವಿಟ್ಟು ಆ ಪಟ್ಟಿಯ ಪ್ರಕಾರ ಒಂದು ಬೋಲ್ಟನ್ನೂ ಬಿಚ್ಚಬೇಡ. ಅದರಲ್ಲಿ ತಂಪು ಮಾಡುವುದರ ಬಗ್ಗೆ ಒಂದು ಸಾಲಿಲ್ಲ, ಪೆಟ್ರೋಲಿನ ಬಗ್ಗೆ ಒಂದು ಸಾಲಿಲ್ಲ. ರೋಟರಿಗೆ ಜೀವ ಇರುವುದೇ ಅವೆರಡರಲ್ಲಿ.

ವಿನಯ್: ಅನಿತಾ, ನೀನು ಪುಣೆಯಲ್ಲಿ ಕಂಪನಿ ಗಾಡಿಗಳ ಎಂಜಿನ್ ಟ್ಯೂನ್ ಮಾಡೋಳು. ವಾರಂಟಿ ಲೆಕ್ಕದಲ್ಲೇ ಯೋಚನೆ ಮಾಡ್ತೀಯ. ಇದೇ ಮಾಜ್ಡಾದ ರೇಸ್ ಕಾರು 787ಬಿ 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದಿದ್ದು ರೋಟರಿಯಲ್ಲೇ. 24 ಗಂಟೆ ಓಡಿದೆ. ಇವನ ಗಾಡಿ ಫ್ರೀವೇನಲ್ಲಿ ಅರ್ಧ ಗಂಟೆ ತಡೆಯಲ್ವಾ?

ಅನಿತಾ: 787ಬಿಯಲ್ಲಿ ನಾಲ್ಕು ರೋಟರ್, 2.6 ಲೀಟರ್. ಟರ್ಬೊ ಇರಲೇ ಇಲ್ಲ. ಒಂದೊಂದು ರೋಟರಿಗೆ ಮೂರು ಸ್ಪಾರ್ಕ್ ಪ್ಲಗ್, ರೋಟರಿನ ಮೂಲೆಗಳಿಗೆ ಸೆರಾಮಿಕ್ ಏಪೆಕ್ಸ್ ಸೀಲ್. ಆ 700 ಎಚ್‌ಪಿ ಬಂದಿದ್ದು ಗಾಳಿಯನ್ನು ಒತ್ತಿ ತುಂಬಿಸಿ ಅಲ್ಲ. ಕಿರಣನದ್ದು ಎರಡೇ ರೋಟರ್, ಮೇಲೆ ಎರಡು ಟರ್ಬೊ, ಮೂವತ್ತು ವರ್ಷ ದಾಟಿದ ರಬ್ಬರ್. ಹೆಸರೊಂದೇ ರೋಟರಿ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ನಾಗೇಶ್: ಸಾರಿ, ಅಂಗಡಿಯಲ್ಲಿ ಗಿರಾಕಿ ಇದ್ದರು, ಈಗ ನೋಡಿದೆ. ರೋಟರಿ ನಾನು ಕೈಯಲ್ಲಿ ಮುಟ್ಟಿಲ್ಲ. ಯೆಜ್ಡಿ, ಆರ್‌ಎಕ್ಸ್ 100 ದಿನಾ ಬಿಚ್ಚುತ್ತೇನೆ. ಹುಡುಗರು ಬರ್ತಾರೆ, ಸೈಲೆನ್ಸರ್ ಬದಲಿಸು, ಫಿಲ್ಟರ್ ತೆಗಿ, ಪೋರ್ಟಿಂಗ್ ಮಾಡು ಅಂತಾರೆ. ಕಾರ್ಬ್ಯುರೇಟರ್ ಜೆಟ್ ಬದಲಿಸಬೇಕು ಅಂದ್ರೆ ಅದು ಬೇಡ ಅಂತಾರೆ. ಗಾಳಿ ಜಾಸ್ತಿ ಆಯ್ತು, ಪೆಟ್ರೋಲ್ ಅಷ್ಟೇ ಇದೆ. ಉದ್ದ ರಸ್ತೆ ಸಿಕ್ಕಿ ಫುಲ್ ಥ್ರಾಟಲ್ ಕೊಟ್ಟ ದಿನ ಪಿಸ್ಟನ್ ಸೀಜ್. ಈ ಪಟ್ಟಿಯೂ ಅದೇ ಜಾತಿ ಅಲ್ವಾ?

ಅನಿತಾ: ಅದೇ ನಾಗೇಶ್, ಅಚ್ಚುಕಟ್ಟಾಗಿ ಹೇಳಿದೆ. ಕಿರಣ್, ನಿನ್ನ ಗಾಡಿಯಲ್ಲಿ ನಡೆಯುವುದನ್ನು ಬಿಡಿಸಿ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಎಫ್‌ಡಿಯಲ್ಲಿ ಕಂಪನಿ ಇಟ್ಟ ಬೂಸ್ಟ್ ಸುಮಾರು 10 ಪಿಎಸ್‌ಐ. ಮೊದಲ ಟರ್ಬೊ ಕೆಳಗಿನ ವೇಗದಲ್ಲೇ ಕೆಲಸ ಮಾಡುತ್ತದೆ, ಎರಡನೆಯದು 4500 ಆರ್‌ಪಿಎಂ ಸುಮಾರಿಗೆ ಸೇರಿಕೊಳ್ಳುತ್ತದೆ. ಡೌನ್‌ಪೈಪ್, ಕ್ಯಾಟ್, ಸೈಲೆನ್ಸರ್ ಮೂರನ್ನೂ ಸಡಿಲ ಮಾಡಿದರೆ ಹೊಗೆಗೆ ತಡೆಯೇ ಇರುವುದಿಲ್ಲ. ಆಗ ಬೂಸ್ಟ್ ನೀನು ಕೇಳದೆಯೇ ಮೇಲೆ ಹೋಗುತ್ತದೆ. ಕಂಟ್ರೋಲರ್ ಹಾಕುವುದಕ್ಕೆ ಮುಂಚೆಯೇ! ಕಂಪನಿಯ ಕಂಪ್ಯೂಟರಿನಲ್ಲಿ ಅಷ್ಟು ಗಾಳಿಗೆ ತಕ್ಕ ಪೆಟ್ರೋಲಿನ ಲೆಕ್ಕ ಇಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ನಾಕಿಂಗ್, ಅಂದರೆ ಮಿಶ್ರಣ ಹದತಪ್ಪಿ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ.

ಪಿಸ್ಟನ್ ಎಂಜಿನ್ ಆಗಿದ್ದರೆ ಒಂದೆರಡು ಸಲ ನಾಕ್ ಆದರೂ ಮನೆಗೆ ಬರುತ್ತೀಯ. ಇಲ್ಲಿ ರೋಟರಿನ ಮೂರು ಮೂಲೆಯಲ್ಲಿ ಮೂರು ಏಪೆಕ್ಸ್ ಸೀಲ್ ಇವೆ. 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, ಅಷ್ಟೇ. ನಾಕ್ ಹೊಡೆತಕ್ಕೆ ಅದು ಮುರಿಯುತ್ತದೆ. ಮುರಿದ ಚೂರು ಹೌಸಿಂಗಿನ ಒಳಗಿನ ಕ್ರೋಮ್ ಪದರವನ್ನು ಗೀಚುತ್ತದೆ. ಎಕ್ಸಾಸ್ಟಿಂದ ಹೊರಗೆ ಹೋಗುವಾಗ ಟರ್ಬೊ ರೆಕ್ಕೆಗೆ ಹೊಡೆಯುತ್ತದೆ. ಒಂದು ಪಟ್ಟಿ ಹೋದರೆ ಎಂಜಿನ್ನೂ ಹೋಯಿತು, ಟರ್ಬೊನೂ ಹೋಯಿತು.

ಕಿರಣ್: ಹಾಗಾದ್ರೆ ಏನೂ ಮಾಡಲೇಬಾರದಾ? ಈ ಗಾಡಿಗೆ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿದ್ದೇನೆ ಅನಿತಾ.

ಅನಿತಾ: ಮಾಡಬೇಕು! ಚೆನ್ನಾಗಿಯೇ ಮಾಡಬೇಕು. ಖರ್ಚಿನ ಕ್ರಮ ಬದಲಿಸು ಅಂತ ಮಾತ್ರ ಹೇಳುತ್ತಿದ್ದೇನೆ.

ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಸೀಲ್‌ಗಳು ಎಷ್ಟು ಒತ್ತಡ ಹಿಡಿದಿಡುತ್ತವೆ ಅನ್ನುವ ಪರೀಕ್ಷೆ. ಮಾಮೂಲಿ ಗೇಜ್ ಸಾಲದು, ಅದು ರೋಟರಿನ ಮೂರು ಮುಖದ ಸಂಖ್ಯೆಗಳಲ್ಲಿ ದೊಡ್ಡದನ್ನು ಮಾತ್ರ ತೋರಿಸುತ್ತದೆ. ರೋಟರಿಯದ್ದೇ ಟೆಸ್ಟರ್ ಇರುವವರ ಹತ್ತಿರ ಹೋಗು. ಎರಡು ರೋಟರ್, ಒಟ್ಟು ಆರು ಸಂಖ್ಯೆ ಬರೆಸಿಕೊಂಡು ಬಾ. 250 ಆರ್‌ಪಿಎಂ ಲೆಕ್ಕಕ್ಕೆ 100 ಪಿಎಸ್‌ಐ ಆಸುಪಾಸು ಇದ್ದರೆ ಆರೋಗ್ಯವಾಗಿದೆ. 85ಕ್ಕೆ ಬಂದಿದ್ದರೆ ಕೊನೆಯ ಗೆರೆ. ಆಗ ಈ ಪಟ್ಟಿಯ ಮಾತೇ ಬೇಡ.

ಆಮೇಲೆ ತಂಪು. ಪಿಸ್ಟನ್ ಎಂಜಿನ್ನಿನಲ್ಲಿ ಬೆಂಕಿ ಉರಿದ ಜಾಗಕ್ಕೇ ಮುಂದಿನ ಸುತ್ತಿನಲ್ಲಿ ತಣ್ಣನೆಯ ಗಾಳಿ ಬರುತ್ತದೆ. ರೋಟರಿಯಲ್ಲಿ ಹಾಗಲ್ಲ. ಪ್ಲಗ್ ಇರುವ ಬದಿ ಯಾವಾಗಲೂ ಬಿಸಿ, ಗಾಳಿ ಒಳಬರುವ ಬದಿ ಯಾವಾಗಲೂ ತಂಪು. ಒಂದೇ ಲೋಹ ಎರಡು ರೀತಿ ಹಿಗ್ಗುತ್ತದೆ. ಒಮ್ಮೆ ಅತಿಯಾಗಿ ಕಾದರೆ ನೀರಿನ ಸೀಲ್ ಕೈಕೊಡುತ್ತದೆ, ಕೂಲೆಂಟ್ ಒಳಗೆ ಇಳಿಯುತ್ತದೆ.

ನಿನ್ನ ಡ್ಯಾಶ್‌ಬೋರ್ಡಿನ ಮುಳ್ಳನ್ನಂತೂ ನಂಬಬೇಡ. ಎಂಜಿನ್ ಬಿಸಿಯಾದ ಮೇಲೆ ಅದು ಮಧ್ಯದಲ್ಲೇ ಕೂತಿರುತ್ತದೆ. ಅದು ಮೇಲೆದ್ದಾಗ ತಡವಾಗಿರುತ್ತದೆ. ಒಳ್ಳೆಯ ಡಿಜಿಟಲ್ ಗೇಜ್ ಹಾಕು. ಬಾನೆಟ್ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಸಣ್ಣ ಟ್ಯಾಂಕ್ ಇದೆ, ಕೂಲೆಂಟಿನಿಂದ ಗಾಳಿ ಬೇರ್ಪಡಿಸುವುದು. ಅದು ಅಂಚಿನಲ್ಲಿ ಸೀಳುತ್ತದೆ. ಅಲ್ಯೂಮಿನಿಯಂನದ್ದು ತರಿಸು. ಫ್ಯಾನ್ ಕಂಪನಿ ಲೆಕ್ಕದಲ್ಲಿ 105 ಡಿಗ್ರಿಗೆ ತಿರುಗುತ್ತದೆ. ಹಿಂದಿನ ಎಫ್‌ಸಿ ಮಾಡೆಲ್ಲಿನ ಥರ್ಮೋಸ್ವಿಚ್ ಹಾಕಿದರೆ 95ಕ್ಕೇ ತಿರುಗುತ್ತದೆ. ಅಗ್ಗದ ಭಾಗ ಅದು, ಎಂಜಿನ್ ಉಳಿಸುತ್ತದೆ. ದೊಡ್ಡ ರೇಡಿಯೇಟರ್, ಟರ್ಬೊಗಳನ್ನು ನಿಯಂತ್ರಿಸುವ ವ್ಯಾಕ್ಯೂಮ್ ಪೈಪುಗಳು ಹೊಸದು, ಇದರ ಜೊತೆಗೇ.

ವಿನಯ್: ಇದೆಲ್ಲ ಸರ್ವಿಸ್ ಕಣೇ, ಅಪ್‌ಗ್ರೇಡ್ ಅಲ್ಲ. ಇಷ್ಟೆಲ್ಲ ಹಾಕಿದ ಮೇಲೂ ಅದೇ 255 ಎಚ್‌ಪಿ!

ಅನಿತಾ: 1993ರಲ್ಲಿ ಕೊಟ್ಟ 255 ಇವತ್ತು ಅಲ್ಲಿದೆ ಅಂತ ಯಾರು ಹೇಳಿದರು? ಹಳೆಯದಾಗಿ ಗಡುಸಾದ ವ್ಯಾಕ್ಯೂಮ್ ಪೈಪಿನಲ್ಲಿ ಒಂದು ಬಿರುಕು ಬಿಟ್ಟರೂ ಎರಡನೇ ಟರ್ಬೊ ಸರಿಯಾಗಿ ಸೇರಿಕೊಳ್ಳುವುದಿಲ್ಲ. ಕಳೆದುಹೋದ ಶಕ್ತಿಯನ್ನು ವಾಪಸ್ ತರುವುದು ಅಪ್‌ಗ್ರೇಡ್ ಅಲ್ಲದೆ ಇನ್ನೇನು ವಿನಯ್?

ವಿನಯ್: ಇಷ್ಟು ತಲೆನೋವಿದ್ರೆ ಅಮೆರಿಕದಲ್ಲಿ ಎಲ್ಲರೂ ಮಾಡೋ ಹಾಗೆ ಎಲ್‌ಎಸ್ ವಿ8 ಪಿಸ್ಟನ್ ಎಂಜಿನ್ ಕೂರಿಸಿಬಿಡು. ಎಂಟು ಸಿಲಿಂಡರ್, ಚಿಂತೆ ಇಲ್ಲ.

ಕಿರಣ್: ಅದು ಮಾತ್ರ ಆಗಲ್ಲ. ಆ ಎಂಜಿನ್ನಿಗೋಸ್ಕರವೇ ಈ ಗಾಡಿ ತಗೊಂಡಿದ್ದು. ಅದನ್ನು ತೆಗೆದ ಮೇಲೆ ನನ್ನ ಹತ್ತಿರ ಉಳಿಯೋದು ಚಂದದ ಬಾಡಿ ಮಾತ್ರ.

ಅನಿತಾ: ಈ ವಿಷಯದಲ್ಲಿ ನಾನು ಪೂರ್ತಿ ಕಿರಣ್ ಪಕ್ಷ.

ನಾಗೇಶ್: ನಂದೊಂದು ಪ್ರಶ್ನೆ. ಆ ಸೀಲ್‌ಗಳಿಗೆ ಎಣ್ಣೆ ಎಲ್ಲಿಂದ ಸಿಗುತ್ತೆ?

ಅನಿತಾ: ಒಂದು ಸಣ್ಣ ಪಂಪು ಎಂಜಿನ್ ಆಯಿಲನ್ನೇ ಅಳೆದು ಒಳಗೆ ಬಿಡುತ್ತದೆ. ರೋಟರಿ ಆಯಿಲ್ ಕುಡಿಯುವುದು ರೋಗ ಅಲ್ಲ, ಅದರ ಗುಣವೇ ಹಾಗೆ. ಕಿರಣ್, ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ನೋಡು. ಕೆಲವರು ಪಂಪಿನ ಜೊತೆಗೆ ಗ್ಯಾಲನ್ನಿಗೆ ಅರ್ಧದಿಂದ ಒಂದು ಔನ್ಸ್ ಟೂ-ಸ್ಟ್ರೋಕ್ ಆಯಿಲನ್ನೂ ಟ್ಯಾಂಕಿಗೆ ಬೆರೆಸುತ್ತಾರೆ.

ನಾಗೇಶ್: ಯೆಜ್ಡಿಗೆ ಹಾಕೋ ಹಾಗೆ! ಕಿರಣಾ, ನೀನು ಅಮೆರಿಕಕ್ಕೆ ಹೋದರೂ 2ಟಿ ಆಯಿಲ್ ಬಿಡಲಿಲ್ಲ ನೋಡು.

ಕಿರಣ್: ಸರಿ ಅನಿತಾ, ಇದೆಲ್ಲ ಆಯ್ತು ಅಂತಿಟ್ಕೋ. ಆಮೇಲೆ ಡೌನ್‌ಪೈಪ್ ಹಾಕಬಹುದಾ?

ಅನಿತಾ: ಎಂಜಿನ್ ದೃಷ್ಟಿಯಿಂದ ಕೇಳಿದರೆ ಡೌನ್‌ಪೈಪ್ ಒಳ್ಳೆಯದೇ. ಈಗ ಆ ಜಾಗದಲ್ಲಿ, ಟರ್ಬೊ ಹಿಂದೆಯೇ, ಇರುವ ಮೊದಲ ಕ್ಯಾಟ್, ಅಂದರೆ ಪ್ರೀ-ಕ್ಯಾಟ್, ವಿಪರೀತ ಕಾಯುತ್ತದೆ. ಅದು ಹೋದರೆ ಬಾನೆಟ್ ಕೆಳಗಿನ ಬಿಸಿ ಇಳಿಯುತ್ತದೆ. ಆದರೆ ನೀನಿರುವುದು ಕ್ಯಾಲಿಫೋರ್ನಿಯಾದಲ್ಲಿ. 1993ರ ಗಾಡಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್ ಇದೆ. ಹೊಗೆ ಅಳೆಯುವುದು ಮಾತ್ರ ಅಲ್ಲ, ಭಾಗಗಳನ್ನು ಕಣ್ಣಲ್ಲೂ ನೋಡುತ್ತಾರೆ. ಕ್ಯಾಟ್ ಇಲ್ಲದ ಪೈಪ್ ಸಿಕ್ಕಿದರೆ ಫೇಲ್. ಆದ್ದರಿಂದ ರಸ್ತೆ ಗಾಡಿಯಾಗಿ ಇಟ್ಟುಕೊಳ್ಳುವುದಾದರೆ ಎರಡೂ ಕ್ಯಾಟ್ ಇರಲಿ. ಅವುಗಳ ಹಿಂದಿನ ಸೈಲೆನ್ಸರ್ ಬದಲಿಸು, ಅಷ್ಟರಲ್ಲೇ ಸದ್ದೂ ಚೆನ್ನಾಗಿರುತ್ತದೆ. ಬೂಸ್ಟ್ ಗೇಜ್ ಇಟ್ಟುಕೊಂಡು ನೋಡು. 10 ದಾಟುತ್ತಿದ್ದರೆ ಕಾಲು ತೆಗಿ.

ಉಳಿದ ದುಡ್ಡಿನಲ್ಲಿ ಹೊಸ ಟೈರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್. 1300 ಕಿಲೋ ಕೂಡ ಇಲ್ಲದ ಗಾಡಿ ಅದು. ತಿರುವಿನಲ್ಲಿ ಸಿಗುವ ಖುಷಿಯನ್ನು ಯಾವ ಬೂಸ್ಟ್ ಕಂಟ್ರೋಲರೂ ಕೊಡುವುದಿಲ್ಲ.

ವಿನಯ್: ನಾನು ಒಪ್ಪಲ್ಲ. ಟ್ಯೂನ್ ಮಾಡಿದ ಕಂಪ್ಯೂಟರ್ ಹಾಕಿ, ದೊಡ್ಡ ಇಂಜೆಕ್ಟರ್ ಹಾಕಿ 350 ಮಾಡಿದವರು ಎಷ್ಟೋ ಜನ ಇದ್ದಾರೆ.

ಅನಿತಾ: ಇದ್ದಾರೆ. ಅವರು ಕಂಪ್ಯೂಟರ್, ಇಂಜೆಕ್ಟರ್, ಪೆಟ್ರೋಲ್ ಪಂಪು ಮೊದಲು ಹಾಕಿದರು, ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಟ್ಯೂನ್ ಮಾಡಿಸಿದರು, ಬೂಸ್ಟ್ ಆಮೇಲೆ ಏರಿಸಿದರು. ಕಿರಣನ ಪಟ್ಟಿಯಲ್ಲಿ ಇಲ್ಲದ್ದು ಆ ಮೊದಲ ಅರ್ಧವೇ.

ಕಿರಣ್: ಆರ್ಡರ್ ನಿಲ್ಲಿಸಿದೆ. ಶನಿವಾರ ಕಂಪ್ರೆಷನ್ ಟೆಸ್ಟಿಗೆ ಸಮಯ ಕೊಟ್ಟಿದ್ದಾರೆ. ಆರು ಸಂಖ್ಯೆ ಇಲ್ಲೇ ಹಾಕುತ್ತೇನೆ.

ವಿನಯ್: ಆರೂ 100ರ ಮೇಲೆ ಬಂದ್ರೆ ಮತ್ತೆ 350ರ ಮಾತು ತೆಗೀತೀನಿ, ನೆನಪಿಟ್ಕೋ.

ಅನಿತಾ: ಖಂಡಿತ ತೆಗಿ. ಎಂಜಿನ್ ಬಿಸಿಯಾಗಿರುವಾಗಲೇ ಟೆಸ್ಟ್ ಮಾಡಿಸು ಕಿರಣ್, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ.