ಹಾಕಿದ ಐದೇ ನಿಮಿಷಕ್ಕೆ ಕಿತ್ತು ಎಸೆಯುತ್ತಾಳೆ, ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಪುಟ್ಟಿ ಅಮ್ಮ:
ಮಗಳಿಗೆ ಒಂದೂವರೆ ವರ್ಷ. ಕಿವಿ ಕೇಳಿಸಲಿ ಅಂತ ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ್ದೇವೆ, ಅದು ಸ್ವಿಚ್ ಆನ್ ಆಗಿ ಮೂರು ವಾರ ಆಯಿತು. ಆಪರೇಷನ್‌ಗೆ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಮೇಲೆ ಇಷ್ಟೊಂದು ಸಾಮಾನು ಕಾಯಬೇಕು ಅಂತ ಅಂದುಕೊಂಡಿರಲಿಲ್ಲ. ಹೊರಗೆ ಹಾಕುವ, ಶಬ್ದ ಹಿಡಿಯುವ ಪ್ರೊಸೆಸರ್, ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್, ಕೇಬಲ್, ಬ್ಯಾಟರಿ, ಚಾರ್ಜರ್, ರಾತ್ರಿ ಒಣಗಿಸುವ ಡಬ್ಬಿ. ಮೊದಲ ದಿನ ಎಲ್ಲವನ್ನೂ ಹಾಸಿಗೆ ಮೇಲೆ ಹರಡಿಕೊಂಡು ಸುಮ್ನೆ ನೋಡುತ್ತಾ ಕೂತಿದ್ದೆ.

ಈಗಿನ ಪಾಡು ಬೇರೆ. ಹಾಕಿದ ಐದು ನಿಮಿಷಕ್ಕೆ ಕೀಳುತ್ತಾಳೆ, ನೇರ ಬಾಯಿಗೆ. ನಿನ್ನೆಯಂತೂ ಮೆಷಿನ್ನೇ ಕಾಣೆ. ಮುಕ್ಕಾಲು ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ ಕಾಯಿಲ್ ಮಂಚದ ಕಬ್ಬಿಣದ ಕಾಲಿಗೆ ಕಚ್ಚಿಕೊಂಡಿದೆ, ಪ್ರೊಸೆಸರ್ ಕೆಳಗೆ ನೇತಾಡುತ್ತಿದೆ. ಅಯಸ್ಕಾಂತ ಅಲ್ವಾ!

ಟೋಪಿ ಕಟ್ಟಿಬಿಡಲಾ? ಬಲವಂತ ಮಾಡಿ, ಮೆಷಿನ್ ಕಂಡರೇ ಅಳುವ ಹಾಗಾದರೆ ಅಂತ ಭಯ. ಅವಳಿಗೆ ನಿಜವಾಗಿ ಕೇಳಿಸುತ್ತಿದೆಯಾ ಅನ್ನುವುದೂ ಗೊತ್ತಾಗುತ್ತಿಲ್ಲ. ಕರೆದರೆ ತಿರುಗುವುದಿಲ್ಲ.

ತರಲೆ ಅಪ್ಪ:
ನಮ್ಮವನಿಗೆ ಈಗ ಆರು ವರ್ಷ. ಆಗ ನಾವು ಕಿವಿ ಮುಚ್ಚುವ ತೆಳು ಬಟ್ಟೆಯ ಟೋಪಿ ಹಾಕುತ್ತಿದ್ದೆವು. ದಪ್ಪ ಬಟ್ಟೆ ಬೇಡ, ಮೈಕ್ ಮುಚ್ಚಿ ಶಬ್ದ ಮಂದವಾಗುತ್ತದೆ. ಜೊತೆಗೆ ದಾರವಿರುವ ಕ್ಲಿಪ್ ಸಿಗುತ್ತದೆ. ಅದನ್ನು ಅಂಗಿಯ ಬೆನ್ನ ಕಡೆ ಸಿಕ್ಕಿಸಿ, ಮುಂದೆ ಹಾಕಿದರೆ ಅದನ್ನೇ ಜಗ್ಗುತ್ತಾರೆ. ಕಿತ್ತಾಗ "ಅಯ್ಯೋ" ಅಂತ ಓಡಿ ಬರಬೇಡಿ. ನಮ್ಮ ಓಟ ಅವರಿಗೆ ಆಟ. ಏನೂ ಆಗದವರ ಹಾಗೆ ಮತ್ತೆ ಹಾಕಿ, ತಕ್ಷಣ ಎರಡೂ ಕೈಗೆ ಏನಾದರೂ ಕೊಡಿ.

ಎರಡು ಕಿವಿ ಅಮ್ಮ:
ಟೋಪಿ ಸರಿ, ಆದರೆ ಯಾಕೆ ಕೀಳುತ್ತಾಳೆ ಅಂತಲೂ ನೋಡಿ ಮೇಡಂ. ಬ್ಯಾಟರಿ ಮುಗಿದಿದ್ದರೂ ಕೀಳುತ್ತಾರೆ, ಶಬ್ದ ಜಾಸ್ತಿಯಾದರೂ ಕೀಳುತ್ತಾರೆ. ನನ್ನ ಮಗಳು ಹೊಸ ಮ್ಯಾಪ್, ಅಂದರೆ ಮೆಷಿನ್‌ನ ಶಬ್ದದ ಸೆಟ್ಟಿಂಗ್, ಹಾಕಿದ ಮರುದಿನದಿಂದ ಬಾಗಿಲು ಬಡಿದರೆ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದಳು. ಮೆಷಿನ್ ಹೊಂದಿಸಿಕೊಡುವ ಆಡಿಯಾಲಜಿಸ್ಟ್ ಶಬ್ದ ಸ್ವಲ್ಪ ಇಳಿಸಿದರು, ಕೀಳುವುದು ನಿಂತಿತು. ರಾತ್ರಿ ತೆಗೆದಾಗ ಕಾಯಿಲ್ ಕೂರುವ ಜಾಗ ಮುಟ್ಟಿ ನೋಡಿ. ಕೆಂಪಾಗಿದ್ದರೆ ಅಯಸ್ಕಾಂತದ ಬಲ ಜಾಸ್ತಿ ಇರಬಹುದು, ಕಡಿಮೆಯದು ಹಾಕಿಸಬಹುದು.

ತಿರುಗುವುದಿಲ್ಲ ಅಂತ ಈಗಲೇ ಕೊರಗಬೇಡಿ. ಶುರುವಿನಲ್ಲಿ ಸಾಮಾನ್ಯವಾಗಿ ಶಬ್ದ ಕಡಿಮೆ ಇಟ್ಟು ನಿಧಾನಕ್ಕೆ ಏರಿಸುತ್ತಾರೆ. ಬೆನ್ನ ಹಿಂದೆ ಕೂತು ಆ, ಊ, ಈ, ಮ್, ಶ್, ಸ್ ಅಂತ ಒಂದೊಂದೇ ಹೇಳಿ, ನಡುವೆ ಸುಮ್ಮನಿರಿ. ಆಡುತ್ತಿದ್ದ ಕೈ ನಿಂತರೂ ಅದು ಉತ್ತರವೇ.

ಬಾಯಿಗೆ ಹಾಕುತ್ತಾಳೆ ಅಂದಿರಲ್ಲ, ಬ್ಯಾಟರಿ ಬಾಗಿಲಿಗೆ ಲಾಕ್ ಇದೆಯಾ ಇವತ್ತೇ ನೋಡಿ. ಗುಂಡಿಯಂಥ ಬ್ಯಾಟರಿ ನುಂಗಿದರೆ ಕಾಯುವ ಹಾಗೇ ಇಲ್ಲ, ಆಸ್ಪತ್ರೆಗೆ ಓಡಬೇಕು.

ಪುಟ್ಟಿ ಅಮ್ಮ:
ಲಾಕ್ ಇತ್ತು, ನಾನೇ ಹಾಕಿರಲಿಲ್ಲ! ಈಗ ಹಾಕಿದೆ. ಕಾಯಿಲ್ ಜಾಗ ಸ್ವಲ್ಪ ಕೆಂಪಗಿದೆ, ಸೋಮವಾರ ತೋರಿಸುತ್ತೇವೆ. ಕ್ಲಿಪ್ ಬೆನ್ನಿಗೆ ಹೋಯಿತು. ಸಂಜೆ ಚಮಚದಿಂದ ನೆಲ ಕುಟ್ಟುತ್ತಾ ಕೂತಿದ್ದಳು. ಹಿಂದಿನಿಂದ "ಆ" ಅಂದೆ, ಏನಿಲ್ಲ. "ಶ್" ಅಂದೆ, ಚಮಚ ಗಾಳಿಯಲ್ಲೇ ನಿಂತಿತು. ಇನ್ನೊಂದು ಸಲ ಅಂದೆ. ತಿರುಗಿ ನನ್ನನ್ನೇ ನೋಡಿದಳು, ಆಮೇಲೆ ಕಾಯಿಲ್ ಕಿತ್ತು ನನ್ನ ಕೈಗೆ ಕೊಟ್ಟಳು.