ಪೌಡರ್ ಕೋಟಿಂಗ್, ಸ್ಟೀಲು, ಪಿಪಿ ಕ್ರೇಟು: ಯಾವುದಕ್ಕೆ ಯಾವ ಫಿಲ್ಮು, ಯಾವ ಲೇಬಲ್ಲು?

ಪ್ಯಾನೆಲ್‌ಶೆಡ್_ಪೀಣ್ಯ

ಎಲ್ಲರಿಗೂ ನಮಸ್ಕಾರ. ಪೀಣ್ಯ 2ನೇ ಹಂತದಲ್ಲಿ ಕಂಟ್ರೋಲ್ ಪ್ಯಾನೆಲ್ ಡಬ್ಬ ಮಾಡುವ ಶೆಡ್ ನಮ್ಮದು. ನಾಲ್ಕು ಕಡೆ ಅಂಟಿನ ತಕರಾರಿದೆ, ಬಲ್ಲವರು ಬಿಡಿಸಿ ಹೇಳಿ.

ಒಂದು, 304 ಸ್ಟೇನ್‌ಲೆಸ್ ಸ್ಟೀಲಿನ ಬಾಗಿಲು, 1.5 ಮಿ.ಮೀ., ಬ್ರಶ್ ಫಿನಿಶ್. ಗೀರು ಬೀಳದಿರಲಿ ಅಂತ ಅಂಟಿಸಿದ ನೀಲಿ ಫಿಲ್ಮ್ ಇರುವ ಶೀಟನ್ನೇ ಕಟ್ ಮಾಡೋಕೆ ಫೈಬರ್ ಲೇಸರ್‌ಗೆ ಕೊಡುತ್ತೇವೆ. ಕಟ್ ಆಗುವಾಗ ಫಿಲ್ಮ್ ಉಬ್ಬುತ್ತೆ, ಅಂಚಿಗೆ ಬರ್ (ಚೂಪು ಉಳಿಕೆ) ಕಚ್ಚುತ್ತೆ.

ಎರಡು, ಪೌಡರ್ ಕೋಟ್ ಆದ (ಪುಡಿ ಬಣ್ಣ ಹಚ್ಚಿ ಓವನ್ನಲ್ಲಿ ಬೇಯಿಸಿದ) ತಗಡು, ಆರ್‌ಎಎಲ್ 7035 ತಿಳಿಬೂದು ಬಣ್ಣ, ತರಿತರಿ ಟೆಕ್ಸ್ಚರ್. ಅದರ ಮೇಲಿನ ಫಿಲ್ಮನ್ನು ಮೂರು ತಿಂಗಳು ಬಿಟ್ಟು ಸೈಟಿನಲ್ಲಿ ಕಿತ್ತರೆ ಗಮ್ಮೆಲ್ಲ ತಗಡಿನ ಮೇಲೇ ಉಳಿಯುತ್ತೆ. ಅದೇ ತಗಡಿನ ರೇಟಿಂಗ್ ಲೇಬಲ್ ಮಾತ್ರ ಮೂಲೆಯಿಂದ ಏಳುತ್ತೆ. ಬೇಡದ್ದು ಬಿಡಲ್ಲ, ಬೇಕಾದ್ದು ನಿಲ್ಲಲ್ಲ.

ಮೂರು, ಬಾಗಿಲಿನ 3 ಮಿ.ಮೀ. ಪಾಲಿಕಾರ್ಬೊನೇಟ್ ಕಿಟಕಿ. ಎಚ್ಚರಿಕೆ ಲೇಬಲ್ ನೀಟಾಗಿ ಹಚ್ಚಿದರೂ ಎರಡು ದಿನಕ್ಕೆ ಗುಳ್ಳೆ.

ನಾಲ್ಕು, ಸ್ಟೋರಿನ ನೀಲಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಕ್ರೇಟುಗಳ ಬಾರ್‌ಕೋಡ್ ಎಲೆ ಉದುರಿದ ಹಾಗೆ ಉದುರುತ್ತೆ.

ಎಲ್ಲಕ್ಕೂ ಇನ್ನೂ ಸ್ಟ್ರಾಂಗ್ ಗಮ್ ತಗೊಂಡರೆ ಆಯ್ತಾ?

---

ಗಮ್_ಲೆಕ್ಕ

ಇಲ್ಲ ಸರ್. ಎರಡನೆಯದಕ್ಕೆ ಸ್ಟ್ರಾಂಗ್ ಗಮ್ ತಂದರೆ ಈಗಿನದಕ್ಕಿಂತ ಕೆಡುತ್ತೆ. ಫಿಲ್ಮ್ ಎರಡರ ಬಗ್ಗೆ ನಾನು ಹೇಳ್ತೀನಿ, ಲೇಬಲ್ ಬಗ್ಗೆ ಬೇರೆಯವರು ಹೇಳಲಿ.

ಲೇಸರ್ ವಿಷಯ ಮೊದಲು. ಸ್ಟೀಲ್ ಕಟ್ ಮಾಡುವಾಗ ಊದುವ ನೈಟ್ರೋಜನ್ ಗ್ಯಾಸಿನ ಒತ್ತಡ 10 ಬಾರ್‌ಗಿಂತ ಮೇಲಿರುತ್ತೆ. 50 ಮೈಕ್ರಾನಿನ ಸಾದಾ ನೀಲಿ ಫಿಲ್ಮಿನ ಹಿಡಿತ ಅದಕ್ಕೆ ಸಾಲಲ್ಲ. ತೂತು ಹೊಡೆಯುವ ಜಾಗದಲ್ಲೇ ಗ್ಯಾಸ್ ಫಿಲ್ಮಿನಡಿಗೆ ನುಗ್ಗುತ್ತೆ, ಉಬ್ಬಿದ ಫಿಲ್ಮ್ ನಾಜಲ್‌ಗೆ ತಗುಲುತ್ತೆ, ಹೈಟ್ ಸೆನ್ಸರ್ ದಿಕ್ಕು ತಪ್ಪುತ್ತೆ. ನಿಮ್ಮ ಬರ್ ಅಲ್ಲಿಂದ ಬರ್ತಿದೆ. ಲೇಸರ್ ಗ್ರೇಡ್ ಅಂತಲೇ 80ರಿಂದ 100 ಮೈಕ್ರಾನ್ ಫಿಲ್ಮ್ ಸಿಗುತ್ತೆ. ತಗೊಳ್ಳುವಾಗ "ಫೈಬರ್‌ಗೆ" ಅಂತ ಒತ್ತಿ ಹೇಳಿ. ಹಳೆಯ ಕಾರ್ಬನ್ ಡೈ ಆಕ್ಸೈಡ್ ಲೇಸರ್‌ನ ತರಂಗ 10.6 ಮೈಕ್ರಾನ್, ಅದು ಪಾಲಿಥೀನನ್ನು ನೇರವಾಗಿ ಸುಟ್ಟು ಆವಿ ಮಾಡುತ್ತೆ. ಫೈಬರಿನದು ಸುಮಾರು 1.07 ಮೈಕ್ರಾನ್, ಸಾದಾ ಫಿಲ್ಮನ್ನು ದಾಟಿ ಹೋಗಿ ಮೊದಲು ಲೋಹವನ್ನೇ ಕಾಯಿಸುತ್ತೆ, ಆ ಬಿಸಿಗೆ ಫಿಲ್ಮ್ ಕರಗಿ ಅಂಚಿಗೆ ಮೆತ್ತಿಕೊಳ್ಳುತ್ತೆ.

ಸ್ಟಾಕಿನಲ್ಲಿರುವ ನೀಲಿ ಫಿಲ್ಮ್ ಶೀಟು ಮುಗಿಸಬೇಕಲ್ಲ, ಅದಕ್ಕೆ ಎರಡು ಪಾಸ್ ಓಡಿಸಿ. ಮೊದಲ ಪಾಸ್ ಕಡಿಮೆ ಪವರ್, ಕಡಿಮೆ ಗ್ಯಾಸ್, ನಾಜಲ್ ಮೇಲೆತ್ತಿ, ಕಟ್ ಲೈನಿನ ಫಿಲ್ಮ್ ಮಾತ್ರ ಸುಟ್ಟು ಹೋಗಲಿ. ಎರಡನೇ ಪಾಸಿನಲ್ಲಿ ಕಟ್. ಸಮಯ ಹೆಚ್ಚು ಹಿಡಿಯುತ್ತೆ, ಅಂಚು ಮಾತ್ರ ಉಳಿಯುತ್ತೆ. ಫಿಲ್ಮ್ ಇರುವ ಮುಖ ಮೇಲೇ ಇರಲಿ. ಆಮೇಲೆ ವೆಲ್ಡಿಂಗ್ ಇದ್ದರೆ ಜಾಯಿಂಟಿನ ಎರಡೂ ಬದಿ 50 ಮಿ.ಮೀ. ಫಿಲ್ಮ್ ಸುಲಿದು, ಒರೆಸಿ, ಆಮೇಲೆ ಟಿಗ್ ಹಿಡಿಯಿರಿ. ಕಾದ ಗಮ್ ಸ್ಟೀಲಿನ ಮೇಲೆ ಸುಟ್ಟ ಬೆಲ್ಲದ ಹಾಗೆ ಕೂರುತ್ತೆ, ಅದನ್ನು ಉಜ್ಜಿ ತೆಗೆಯೋಕೆ ಹೋದರೆ ಬ್ರಶ್ ಫಿನಿಶ್ ಹೋಯ್ತು.

ಈಗ ಪೌಡರ್ ಕೋಟ್. ಉಳಿದ ಗಮ್ ಯಾವ ರೂಪದಲ್ಲಿದೆ ಅಂತ ಹತ್ತಿರದಿಂದ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತೆ.

ಟೆಕ್ಸ್ಚರಿನ ತಗ್ಗುಗಳಲ್ಲಿ ಮಾತ್ರ ಸಣ್ಣ ಚುಕ್ಕಿ ಚುಕ್ಕಿಯಾಗಿ ಉಳಿದಿದ್ದರೆ, ತಗಡು ಬಿಸಿ ಇರುವಾಗಲೇ ಫಿಲ್ಮ್ ಹಚ್ಚಿದ್ದೀರಿ. ಓವನ್ನಿಂದ ಬಂದ ತಗಡು 60 ಡಿಗ್ರಿಯಲ್ಲಿದ್ದರೆ ಗಮ್ ಮೆತ್ತಗಾಗಿ ಗುಂಡಿಗಳಿಗೆ ಹರಿಯುತ್ತೆ, ತಣ್ಣಗಾದ ಮೇಲೆ ಬೇರು ಬಿಟ್ಟ ಹಾಗೆ. 40 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಹಚ್ಚಿ, ಮಾರನೇ ದಿನವಾದರೆ ಇನ್ನೂ ಒಳ್ಳೇದು.

ಗಮ್ ಇಡೀ ಹಾಳೆಯಾಗಿ, ಹಳದಿಗಟ್ಟಿ ಉಳಿದಿದ್ದರೆ ಅದು ಬಿಸಿಲಿನ ಕೆಲಸ. ಅಗ್ಗದ ಫಿಲ್ಮುಗಳಲ್ಲಿ ಇರೋದು ರಬ್ಬರ್ ಗಮ್. ನೇರಳಾತೀತ ಕಿರಣಕ್ಕೆ ಅದು ಒಡೆದು ಫಿಲ್ಮನ್ನು ಬಿಟ್ಟು ಲೋಹವನ್ನು ಹಿಡಿಯುತ್ತೆ. ಸೈಟಿನಲ್ಲಿ ಬಯಲಲ್ಲಿಡುವ ಪ್ಯಾನೆಲ್‌ಗೆ ಅಕ್ರಿಲಿಕ್ ಗಮ್ಮಿನ, ಒಳಗೆ ಕಪ್ಪು ಪದರ ಇರುವ ಕಪ್ಪು-ಬಿಳಿ ಫಿಲ್ಮ್ ಕೇಳಿ. ಅದೂ ತಿಂಗಳುಗಟ್ಟಲೆ ಬಿಸಿಲಲ್ಲಿ ಬಿಡುವಂಥದ್ದಲ್ಲ.

ಗಮ್ಮೇ ಇಲ್ಲ, ಆದರೆ ಫಿಲ್ಮ್ ಇದ್ದ ಜಾಗ ಮಂಕಾಗಿ ಅಚ್ಚು ಬಿದ್ದಿದೆ ಅಂದರೆ ಪೌಡರ್ ಪೂರ್ತಿ ಬೆಂದಿಲ್ಲ, ಅಥವಾ ಪಿವಿಸಿ ಫಿಲ್ಮಿನ ಎಣ್ಣೆ ಕೋಟಿಂಗಿಗೆ ಇಳಿದಿದೆ. ಪೌಡರ್ ಚೀಟಿಯಲ್ಲಿ 200 ಡಿಗ್ರಿ, 10 ನಿಮಿಷ ಅಂತಿದ್ದರೆ ಅದು ತಗಡಿನ ಬಿಸಿಯ ಲೆಕ್ಕ, ಓವನ್ ಮೀಟರಿನ ಲೆಕ್ಕ ಅಲ್ಲ. 2 ಮಿ.ಮೀ. ತಗಡು ಆ ಬಿಸಿಗೆ ಏರೋಕೇ ನಿಮಿಷಗಳು ಬೇಕು, ಹತ್ತು ನಿಮಿಷ ಎಣಿಸೋದು ಅಲ್ಲಿಂದ.

---

ರಿಬ್ಬನ್_ರೋಲು

ಲೇಬಲ್ ನನ್ನ ವಿಷಯ, ಹೇಳ್ತೀನಿ.

ಗಮ್ ಒಂದು ಮೈಮೇಲೆ ಹರಡಿಕೊಳ್ಳುತ್ತಾ ಇಲ್ವಾ ಅನ್ನೋದು ಆ ಮೈಯ ಮೇಲ್ಮೈ ಶಕ್ತಿ ಮೇಲೆ ಹೋಗುತ್ತೆ. ಸೆಂ.ಮೀ.ಗೆ ಇಷ್ಟು ಡೈನ್ ಅಂತ ಅಳೀತಾರೆ. ಟೆಫ್ಲಾನ್ 20ರ ಆಸುಪಾಸು, ಪಿಪಿ 29-30, ಪಾಲಿಥೀನ್ 31, ಪಾಲಿಕಾರ್ಬೊನೇಟ್ 42ರಿಂದ 46. ಗಾಜು, ಶುದ್ಧ ಲೋಹ ನೂರಾರು. ಮೇಣ ಉಜ್ಜಿದ ಕಾರಿನ ಮೇಲೆ ಮಳೆಹನಿ ಮಣಿಮಣಿಯಾಗಿ ನಿಲ್ಲುತ್ತಲ್ಲ, ಪಿಪಿ ಕ್ರೇಟಿನ ಮೇಲೆ ಮಾಮೂಲಿ ಗಮ್ಮಿನ ಪಾಡೂ ಅದೇ. ಹರಡೋದೇ ಇಲ್ಲ, ಸುಮ್ಮನೆ ಮೇಲೆ ಕೂತಿರುತ್ತೆ.

ಕ್ರೇಟಿಗೆ ಕ್ರೋಮೊ ಪೇಪರ್ ಲೇಬಲ್ ಬಿಡಿ. ಪಿಪಿ ಅಥವಾ ಪಾಲಿಥೀನ್ ಫಿಲ್ಮ್ ಲೇಬಲ್, ಹಾಟ್ ಮೆಲ್ಟ್ ರಬ್ಬರ್ ಗಮ್, ಇಲ್ಲಾಂದ್ರೆ ಕಡಿಮೆ ಮೇಲ್ಮೈ ಶಕ್ತಿಯ ಪ್ಲಾಸ್ಟಿಕ್‌ಗೆ ಅಂತಲೇ ಬರುವ ಅಕ್ರಿಲಿಕ್. ಹಾಟ್ ಮೆಲ್ಟ್ ಅಗ್ಗ, ಹಿಡಿತ ತಕ್ಷಣ. ಆದರೆ ಕ್ರೇಟನ್ನು ಬಿಸಿನೀರಲ್ಲಿ ತೊಳೀತೀರಿ, ಬಿಸಿಲಲ್ಲಿ ಇಡ್ತೀರಿ ಅಂದರೆ ಅದು ಜಾರುತ್ತೆ, ಆಗ ಅಕ್ರಿಲಿಕ್ಕೇ ಸರಿ. ಹೊಸ ಕ್ರೇಟಿನ ಮೇಲೆ ಅಚ್ಚಿನಿಂದ ಬಿಡಿಸೋಕೆ ಹೊಡೆದ ಸಿಲಿಕಾನ್ ಉಳಿದಿರಬಹುದು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) 70 ಪಾಲು, ನೀರು 30 ಪಾಲು ಸೇರಿಸಿ ಒಂದು ಬಟ್ಟೆಯಲ್ಲಿ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಕೊಳೆ ಜಾಗ ಬದಲಿಸುತ್ತೆ ಅಷ್ಟೇ. ಬಣ್ಣದ ಬನಿಯನ್ ವೇಸ್ಟ್ ಬೇಡ, ನೂಲು ಬಿಡುತ್ತೆ.

ಲೇಬಲ್ ಪ್ರಿಂಟರಿಗೆ ಹಾಕುವ ರಿಬ್ಬನ್ ಮರೀಬೇಡಿ: ಪೇಪರ್‌ಗೆ ವ್ಯಾಕ್ಸ್, ಪಿಪಿಗೆ ವ್ಯಾಕ್ಸ್-ರೆಸಿನ್, ಪಾಲಿಯೆಸ್ಟರ್‌ಗೆ ರೆಸಿನ್. ಪಿಪಿ ಲೇಬಲ್ ಮೇಲೆ ವ್ಯಾಕ್ಸ್ ರಿಬ್ಬನ್ ಓಡಿಸಿದರೆ ಉಗುರಲ್ಲಿ ಗೀಚಿದರೆ ಬಾರ್‌ಕೋಡ್ ಕಿತ್ತು ಬರುತ್ತೆ.

ರೇಟಿಂಗ್ ಲೇಬಲ್ ಏಳೋದು ಬೇರೆ ಕಾರಣಕ್ಕೆ. ಟೆಕ್ಸ್ಚರ್ ಅಂದರೆ ಬೆಟ್ಟ-ಕಣಿವೆ. 50 ಮೈಕ್ರಾನ್ ಮ್ಯಾಟ್ ಸಿಲ್ವರ್ ಪಾಲಿಯೆಸ್ಟರ್ ಬಿರುಸು, ಅದರ ಗಮ್ ಬರೀ 20-25 ಮೈಕ್ರಾನ್. ಬೆಟ್ಟದ ತುದಿಗಳಿಗೆ ಮಾತ್ರ ತಗುಲಿರುತ್ತೆ. 50 ಮೈಕ್ರಾನ್ ಅಥವಾ ಹೆಚ್ಚು ದಪ್ಪ ಗಮ್ಮಿನದನ್ನು ಕೇಳಿ, ಮೂಲೆಗಳನ್ನು 3 ಮಿ.ಮೀ. ದುಂಡಗೆ ಡೈ ಹೊಡೆಸಿ, ಬಗ್ಗಿದ ಅಂಚಿನಿಂದ ದೂರ ಹಚ್ಚಿ. ಕೈಯಲ್ಲಿ ಸವರಿದರೆ ಸಾಲದು, ರಬ್ಬರ್ ರೋಲರಿನಿಂದ ಒತ್ತಿ. ಒತ್ತಿದ ತಕ್ಷಣ ಕಿತ್ತು ಪರೀಕ್ಷೆ ಮಾಡೋದೂ ತಪ್ಪು, ಅಕ್ರಿಲಿಕ್ ಗಮ್ ಪೂರ್ತಿ ಹಿಡಿಯೋಕೆ 72 ಗಂಟೆ ಹಿಡಿಯುತ್ತೆ. ಡಿಸೆಂಬರ್-ಜನವರಿ ಬೆಳಗ್ಗೆ ಬೆಂಗಳೂರಲ್ಲಿ 15 ಡಿಗ್ರಿ ಇರುತ್ತೆ, ತಗಡು ಅದಕ್ಕಿಂತ ತಣ್ಣಗೆ. ಲೇಬಲ್ ಕೆಲಸ ಹನ್ನೊಂದರ ಮೇಲೆ ಇಟ್ಟುಕೊಳ್ಳಿ.

ಪಾಲಿಕಾರ್ಬೊನೇಟ್ ಗುಳ್ಳೆ ಗಾಳಿ ಸಿಕ್ಕಿದ್ದಲ್ಲ. ಆ ಪ್ಲಾಸ್ಟಿಕ್ ತೇವ ಹೀರಿಕೊಂಡಿರುತ್ತೆ, ಪ್ಯಾನೆಲ್ ಕಾದಾಗ ಅದು ಆವಿಯಾಗಿ ಹೊರಗೆ ಬರುತ್ತೆ. ಪಾಲಿಯೆಸ್ಟರ್ ಲೇಬಲ್ ಆವಿಯನ್ನು ಬಿಡಲ್ಲ, ಹಾಗಾಗಿ ಉಬ್ಬುತ್ತೆ. ಪಾಲಿಕಾರ್ಬೊನೇಟ್‌ಗೆ ಅಂತಲೇ ಬರುವ ಬಿರುಸು ಅಕ್ರಿಲಿಕ್ ಗಮ್ಮಿನ ಲೇಬಲ್ ಕೇಳಿ, ಮೆತ್ತನೆ ಗಮ್ ಇದ್ದಷ್ಟೂ ಗುಳ್ಳೆ ಜಾಸ್ತಿ. ನಾನಾದರೆ ಲೇಬಲ್ಲನ್ನೇ ಕಿಟಕಿಯಿಂದ ಪಕ್ಕದ ತಗಡಿಗೆ ಸರಿಸ್ತೀನಿ.

---

ತಗಡಪ್ಪ

ಗಮ್_ಲೆಕ್ಕ ಅವರು ಹೇಳಿದ್ದು ಸರಿ, ಆದರೆ ಮೂಲ ಪ್ರಶ್ನೆ ಕೇಳಲಿಲ್ಲ: ಟೆಕ್ಸ್ಚರ್ ತಗಡಿಗೆ ಅಂಟು ಫಿಲ್ಮ್ ಯಾಕ್ರೀ ಬೇಕು? ಟೆಕ್ಸ್ಚರ್ ಪೌಡರ್ ಸಣ್ಣ ಗೀರನ್ನು ಮುಚ್ಚಿಹಾಕೋಕೇ ಇರೋದು. ಹಿಡಿಯಲ್ಲ ಅಂತ ಹೈ ಟ್ಯಾಕ್ (ಜೋರಾಗಿ ಅಂಟುವ) ಫಿಲ್ಮ್ ಹಾಕ್ತೀರಿ, ಮೂರು ತಿಂಗಳಲ್ಲಿ ಹಿಡಿತ ಬೆಳೆದು ಅದೇ ಕುತ್ತಿಗೆಗೆ ಬರುತ್ತೆ. 1 ಮಿ.ಮೀ. ಫೋಮ್ ಶೀಟ್ ಸುತ್ತಿ, ಮೂಲೆಗೆ ರಟ್ಟಿನ ಆಂಗಲ್ ಕೊಟ್ಟು, ಮೇಲೆ ಸ್ಟ್ರೆಚ್ ಫಿಲ್ಮ್ ಎಳೀರಿ. ಗಮ್ಮೂ ಇಲ್ಲ, ಗಲಾಟೆಯೂ ಇಲ್ಲ. ನುಣುಪಾದ ಗ್ಲಾಸಿ ಪೌಡರ್‌ಗೆ ಮಾತ್ರ ಲೋ ಟ್ಯಾಕ್ ಫಿಲ್ಮ್.

---

ಗಮ್_ಲೆಕ್ಕ

ತಗಡಪ್ಪನವರೇ, ಒಪ್ಪಿದೆ. ಸೈಟಿನಲ್ಲಿ ಸಿವಿಲ್ ಕೆಲಸ ನಡೀತಿದ್ದು ಸಿಮೆಂಟ್ ನೀರು, ಪೇಂಟು ಸಿಡಿಯುವ ಜಾಗಕ್ಕೆ ಮಾತ್ರ ಫೋಮ್ ಸಾಲಲ್ಲ, ಸಂದಿಯಲ್ಲಿ ಇಳಿಯುತ್ತೆ. ಅಂಥ ಆರ್ಡರ್‌ಗೆ ಬಾಗಿಲಿಗಷ್ಟೇ ಫಿಲ್ಮ್ ಇರಲಿ, ರೋಲ್ ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ.

25 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ಪಟ್ಟಿ ನಿಮ್ಮದೇ ಕೋಟ್ ಆದ ತಗಡಿನ ಮೇಲೆ ಹಚ್ಚಿ 2 ಕಿಲೋ ರೋಲರ್ ಎರಡು ಸಲ ಓಡಿಸಿ. ಹೀಗೆ ಮೂರು ಪಟ್ಟಿ. ಒಂದನ್ನು 24 ಗಂಟೆ ಆದ ಮೇಲೆ, ಇನ್ನೊಂದನ್ನು 60 ಡಿಗ್ರಿಯಲ್ಲಿ ಒಂದು ವಾರ ಇಟ್ಟು, ಮೂರನೆಯದನ್ನು ಶೆಡ್ಡಿನ ಮಾಡಿನ ಮೇಲೆ ಬಿಸಿಲಿಗೆ ಒಂದು ತಿಂಗಳು ಹಾಕಿ ಕೀಳಿ. ತುದಿ ಮಡಿಸಿ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಹಿಂದಕ್ಕೆ ಮಡಚಿದ ಹಾಗೆ, ಸೆಕೆಂಡಿಗೆ 5 ಮಿ.ಮೀ. ವೇಗದಲ್ಲಿ ಎಳೆಯಿರಿ. ಮುಳ್ಳು ತೋರಿಸುವ ಗ್ರಾಮೇ ನಿಮ್ಮ ಹಿಡಿತ. ಸಪ್ಲೈಯರ್ ಕಾಗದದಲ್ಲಿರೋ ಅಂಕಿ ನುಣುಪಾದ ಸ್ಟೀಲ್ ಮೇಲೆ ಅಳೆದದ್ದು, ನಿಮ್ಮ ತಗಡಿಗೆ ಹೊಂದಲ್ಲ. ಬಿಸಿಗಿಟ್ಟ ಪಟ್ಟಿಯ ಅಂಕಿ ಮೊದಲನೆಯದರ ಎರಡರಷ್ಟು ದಾಟಿದರೆ ಆ ಫಿಲ್ಮ್ ತಗೋಬೇಡಿ, ಸೈಟಿನಲ್ಲಿ ಅದು ಹರಿದು ಹರಿದು ಬರುತ್ತೆ.

---

ಉಪ್ಪಿನಕಾಯಿ_ಭರಣಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮನೆಯಲ್ಲೇ ಉಪ್ಪಿನಕಾಯಿ, ಗೊಜ್ಜು ಮಾಡಿ ಗಾಜಿನ ಬಾಟಲಿಯಲ್ಲಿ ಮಾರ್ತೀವಿ. ಗಾಜಿಗೆ ನೂರಾರು ಡೈನ್ ಅಂದ್ರಲ್ಲ ರಿಬ್ಬನ್ ಅವರೇ, ಮತ್ತೆ ನಮ್ಮ ಲೇಬಲ್ ಫ್ರಿಜ್ಜಿಗೆ ಹೋದರೆ ಯಾಕೆ ಜಾರುತ್ತೆ?

---

ರಿಬ್ಬನ್_ರೋಲು

ಮೇಡಂ, ನೀವು ಹಚ್ಚೋದು ಬರೀ ಗಾಜಿನ ಮೇಲೆ ಅಲ್ಲ. ಬಾಟಲಿಗಳು ಒಂದಕ್ಕೊಂದು ಉಜ್ಜದಿರಲಿ ಅಂತ ಕಾರ್ಖಾನೆಯಲ್ಲೇ ತೆಳುವಾಗಿ ಪಾಲಿಥೀನ್ ಮೇಣದಂಥದ್ದನ್ನು ಸಿಂಪಡಿಸಿರುತ್ತಾರೆ. ಅದರ ಮೇಲೆ ತುಂಬುವಾಗ ತಗುಲಿದ ಎಣ್ಣೆ ಬೇರೆ. ತುಂಬಿ ಮುಚ್ಚಳ ಹಾಕಿದ ಮೇಲೆ ಪಾತ್ರೆ ಸೋಪಿನ ಬಿಸಿನೀರಲ್ಲಿ ಹೊರಮೈ ತೊಳೆದು, ಒಣಗಿಸಿ, ಐಪಿಎ ಒರೆಸಿ. ಬಿಸಿಯಾಗಿ ತುಂಬಿದ್ದರೆ ತಣ್ಣಗಾಗೋವರೆಗೆ ಕಾಯಿರಿ. ಹಚ್ಚಿ ಒಂದು ದಿನ ಹೊರಗಿಟ್ಟು ಆಮೇಲೆ ಫ್ರಿಜ್ಜು. ಬೆವರಿದ ಬಾಟಲಿಗೆ ಯಾವ ಗಮ್ಮೂ ನಿಲ್ಲಲ್ಲ. ಪೇಪರ್ ಬದಲು ಬಿಳಿ ಪಿಪಿ ಲೇಬಲ್ ತಗೊಳ್ಳಿ, ಎಣ್ಣೆ ಕುಡಿದು ಪಾರದರ್ಶಕ ಆಗಲ್ಲ. ಹೊಟ್ಟೆ ಉಬ್ಬಿದ ಬಾಟಲಿ ಬೇಡ, ಎರಡು ದಿಕ್ಕಿಗೆ ಬಾಗಿದ ಮೈಯಲ್ಲಿ ಅಂಚು ಸುಕ್ಕಾಗೇ ಆಗುತ್ತೆ.

---

ಪ್ಯಾನೆಲ್‌ಶೆಡ್_ಪೀಣ್ಯ

ಎಲ್ಲರಿಗೂ ಧನ್ಯವಾದ. ನೋಡಿದೆ, ನಮ್ಮದು ಹಳದಿ ಹಾಳೆ, ಅಂದರೆ ಬಿಸಿಲಿನದು. ಸೈಟಿನಲ್ಲಿ 14 ಬಾಗಿಲು ಹಾಗೇ ನಿಂತಿವೆ, ಕಿಟಕಿಗಳಲ್ಲೂ ಗಮ್ ಇದೆ. ಹುಡುಗರು ಥಿನ್ನರ್ ತಗೊಂಡು ಹೋಗ್ತೀವಿ ಅಂತಿದ್ದಾರೆ.

---

ತಗಡಪ್ಪ

ಥಿನ್ನರ್ ಕ್ಯಾನ್ ಶೆಡ್ಡಲ್ಲೇ ಬೀಗ ಹಾಕಿಡಿ! ಪಾಲಿಕಾರ್ಬೊನೇಟ್‌ಗೆ ಥಿನ್ನರ್, ಅಸಿಟೋನ್, ಎಂಇಕೆ ಯಾವುದು ತಾಗಿದರೂ ಕೂದಲೆಳೆ ಬಿರುಕು ಬಿಡುತ್ತೆ, ಕೆಲವು ಸಲ ತಕ್ಷಣ ಅಲ್ಲ, ಸ್ಕ್ರೂ ತೂತಿನ ಸುತ್ತ ಮಾರನೇ ದಿನ ಕಾಣುತ್ತೆ. ಪೌಡರ್ ಕೋಟಿನ ಬಣ್ಣವೂ ಮೆತ್ತಗಾಗುತ್ತೆ.

ಬಾಗಿಲಿಗೆ: ಹಾಟ್ ಏರ್ ಗನ್ ಕಡಿಮೆಗಿಟ್ಟು ಕೈ ತಡೆಯುವಷ್ಟು, 50-60 ಡಿಗ್ರಿ, ಬಿಸಿ ಮಾಡಿ, ಅಗಲದ ಪ್ಯಾಕಿಂಗ್ ಟೇಪನ್ನು ಗಮ್ ಮೇಲೆ ಒತ್ತಿ ಕಿತ್ತು ಕಿತ್ತು ಆದಷ್ಟು ಎತ್ತಿ. ಉಳಿದದ್ದಕ್ಕೆ ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನ್‌ನಲ್ಲಿ ನೆನೆಸಿದ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಇಲ್ಲಾಂದ್ರೆ ಆರಿಹೋಗುತ್ತೆ. ಗನ್ ಆರಿಸಿ, ತಗಡು ತಣ್ಣಗಾದ ಮೇಲೆ ಇದನ್ನು ಮಾಡಿ, ಎರಡೂ ಒಟ್ಟಿಗೆ ಬೇಡವೇ ಬೇಡ. ಆಮೇಲೆ ನೈಲಾನ್ ಬ್ರಶ್, ಸೋಪು ನೀರು. ಸ್ಟೀಲ್ ಜುಂಗು ಬೇಡ.

ಕಿಟಕಿಗೆ: ಸೀಮೆಎಣ್ಣೆಯೂ ಬೇಡ. ಐಪಿಎ-ನೀರು ಮಿಶ್ರಣ, ಮೆತ್ತನೆ ಹತ್ತಿ ಬಟ್ಟೆ, ಒತ್ತಡ ಹಾಕದೆ ಹಲವು ಸಲ, ಕೊನೆಗೆ ಸೋಪು ನೀರು. ಒಂದು ಕಿಟಕಿಗೆ ಇಪ್ಪತ್ತು ನಿಮಿಷ ಮೀರಿ ಹೋಗ್ತಿದ್ದರೆ ಶೀಟ್ ಬದಲಿಸಿ, ಕೂಲಿಗಿಂತ ಅದೇ ಅಗ್ಗ ಬೀಳುತ್ತೆ. ಹೊಸ ಶೀಟಿನ ಫಿಲ್ಮನ್ನು ಫಿಟ್ಟಿಂಗಿನ ದಿನವೇ ಅಂಚಿನ ಸುತ್ತ 20 ಮಿ.ಮೀ. ಸುಲಿದು ಗ್ಯಾಸ್ಕೆಟ್ ಕೂರಿಸಿ. ಗ್ಯಾಸ್ಕೆಟ್ ಅಡಿಗೆ ಫಿಲ್ಮ್ ಸಿಕ್ಕಿಕೊಂಡರೆ ಆಮೇಲೆ ಬ್ಲೇಡ್ ಹಾಕಬೇಕಾಗುತ್ತೆ, ಬ್ಲೇಡ್ ಹಾಕಿದ ಕಡೆ ನೀರು ಒಳಗೆ ಬರುತ್ತೆ.