ತಂಡದ ಕೆಲಸಕ್ಕೆ ಅಂಕ ಹೇಗೆ ಕೊಡ್ತೀರಿ? ಅನುಭವ ಇದ್ದವರು ಹೇಳಿ

ಕೊಪ್ಪಳ: ನಮ್ಮ ಯುವಕ ಸಂಘದ 24 ಹುಡುಗರನ್ನು ನಾಲ್ಕು ತಂಡ ಮಾಡಿ ಸಸಿ ನೆಡಿಸಿದ್ದೇನೆ. ಬಹುಮಾನ ಒಂದೇ ತಂಡಕ್ಕೆ. ಏನು ನೋಡಿ ಕೊಡಲಿ? ತಂಡಕ್ಕೆಲ್ಲ ಒಂದೇ ಅಂಕವಾ, ಒಬ್ಬೊಬ್ಬರಿಗೆ ಬೇರೆಯಾ?

ಮಾನ್ವಿ: ಒಂದೇ ಅಂಕ ಕೊಟ್ಟು ನಾನು ಕೆಟ್ಟೆ ತಮ್ಮಾ. ಏಳು ದಿನದ ಎನ್‌ಎಸ್‌ಎಸ್ ಶಿಬಿರ, ಕೆರೆ ಏರಿ ಮೇಲಿನ ಜಾಲಿ ಕಡಿಯೋ ಕೆಲಸ. ಆರು ಜನರಲ್ಲಿ ದುಡಿದವರು ಇಬ್ಬರು. ಉಳಿದವರು ಫೋಟೊ ತೆಗೆಯುವಾಗ ಮಾತ್ರ ಕೊಡಲಿ ಹಿಡಿದರು. ಕೈಗವಸಿಗೆ 640 ರೂಪಾಯಿ, ಕೊಡಲಿ ಕಾವಿಗೆ 300, ಮುಳ್ಳು ಚುಚ್ಚಿಕೊಂಡವನ ಟಿಟಿ ಇಂಜೆಕ್ಷನ್ನಿಗೆ ಆಟೊ ಬೇರೆ. ಕೊನೆಗೆ ಎಲ್ಲರಿಗೂ 8. ದುಡಿದ ಹುಡುಗ ಸರ್ಟಿಫಿಕೇಟನ್ನು ಟೇಬಲ್ ಮೇಲೇ ಬಿಟ್ಟು ಹೋದ. ಈಗಲೂ ಸಂತೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ. ಆಮೇಲೆ ಹಾಜರಿ ಪುಸ್ತಕ ಇಟ್ಟೆ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಲೆಕ್ಕ ಇದೆಯಲ್ಲ, ಹಾಗೇ ತಾಸಿನ ಲೆಕ್ಕ.

ಗಂಗಾವತಿ: ತಾಸು ಎಣಿಸಿದರೆ ಕೆಲಸ ಆಯ್ತಾ? ನನ್ನ ತಂಡದ ಹುಡುಗಿಯರು ನಾಟಿ ಕೂಲಿ ಮುಗಿಸಿ ಸಂಜೆ ಒಂದೇ ತಾಸು ಬರುತ್ತಿದ್ದರು. ನಿಮ್ಮ ಪುಸ್ತಕದಲ್ಲಿ ಅವರು ಫೇಲ್! ನಾನು ಸಸಿ ಎಣಿಸಿದೆ. ನೆಟ್ಟ ದಿನ ಅಲ್ಲ, ಮರುವರ್ಷ ಮೇ ತಿಂಗಳಲ್ಲಿ. ಬೇವು, ಹೊಂಗೆ ಸೇರಿ 80 ನೆಟ್ಟಿದ್ದೆವು, ಉಳಿದದ್ದು 31. ಅದರಲ್ಲಿ 19 ಆ ಹುಡುಗಿಯರವು. ಟ್ಯಾಂಕರ್ ಏಳು ಸಲ, ಸಲಕ್ಕೆ 600. ಅರ್ಧ ನನ್ನ ಕೈಯಿಂದಲೇ ಹೋಯಿತು. ಸಂಘದವರು ಇನ್ನೂ ಕೊಟ್ಟಿಲ್ಲ.

ಮಾನ್ವಿ: ತುಂಗಭದ್ರಾ ಕಾಲುವೆ ಮೇಲ್ಭಾಗದಲ್ಲಿ ಕೂತು ಟ್ಯಾಂಕರ್ ಕಥೆ ಹೇಳಬೇಡಿ ಅಕ್ಕಾ. ನಾವು ಟೇಲ್ ಎಂಡಿನವರು, ಅದೇ ಕಾಲುವೆಯ ಕೊನೆಯಲ್ಲಿರೋರು. ನೀರು ಬಂದರೆ ತಾನೇ ಸಸಿ ಉಳಿಯೋದು!

ಬಳ್ಳಾರಿ: ಹುಡುಗರೇ ಒಬ್ಬರಿಗೊಬ್ಬರು ಚೀಟಿಯಲ್ಲಿ ಅಂಕ ಬರೆಯಲಿ ಅಂದೆ. ಬಹಳ ಶಾಣ್ಯಾ ಅಂದುಕೊಂಡಿದ್ದೆ ನನ್ನನ್ನು ನಾನೇ. ಒಂದೇ ಓಣಿಯವರು ಒಬ್ಬರಿಗೊಬ್ಬರು ಹತ್ತಕ್ಕೆ ಹತ್ತು ಹಾಕಿಕೊಂಡರು. ಖರ್ಚಿನ ಲೆಕ್ಕ ಪೈಸೆ ತಪ್ಪದೆ ಬರೆದ ಹುಡುಗಿಗೆ 2. ಯಾಕೆ ಅಂದರೆ ಅವಳು ಬಿಸಿಲಿಗೆ ಬರಲಿಲ್ಲವಂತೆ. ಅವತ್ತು ಚೀಟಿ ಹರಿದುಹಾಕಿದೆ. ಒಬ್ಬೊಬ್ಬರನ್ನೂ ಕೂರಿಸಿಕೊಂಡು, ನೀನು ಏನು ಮಾಡಿದಿ ಅಂತ ಕೇಳುವುದಕ್ಕೆ ಮೂರು ಸಂಜೆ ಹಿಡಿಯಿತು.

ಗಂಗಾವತಿ: ಮೂರು ಸಂಜೆ ಬಿಡುವು ಇರೋರಿಗೆ ಸರಿ. ಮಾನ್ವಿಯವರೇ, 2024ರಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಭತ್ತಕ್ಕೂ ಜೀವ ಬಾಯಿಗೆ ಬಂದಿತ್ತು, ಗೊತ್ತಾ?

ಮಾನ್ವಿ: ಒಂದು ವಾರ ಬಾಯಿಗೆ ಬಂದಿತ್ತು ನಿಮಗೆ. ನಮಗೆ ಪ್ರತಿ ವರ್ಷ.

ಕೊಪ್ಪಳ: ಅಣ್ಣಾ, ಅಕ್ಕಾ, ನನ್ನ ಬಹುಮಾನ ಈ ಭಾನುವಾರ ಇದೆ. ಮೇ ತನಕ ಕಾಯೋಕಾಗಲ್ಲ.

ಗಂಗಾವತಿ: ಹಾಗಾದರೆ ಬಹುಮಾನ ಮುಂದಕ್ಕೆ ಹಾಕು. ಮಾನ್ವಿಯವರೇ, ಪ್ರತಿ ವರ್ಷ ಅಂದಿರಲ್ಲ, ಯಾವ ಉಪಕಾಲುವೆ ನಿಮ್ಮದು?